ಏಳು ನಿಮಿಷ ಹಿಂದಿನ ಗಡಿಯಾರ

ದೊಡ್ಡ ಮುಳ್ಳನ್ನು ಏಳು ನಿಮಿಷ ಮುಂದಕ್ಕೆ ತಳ್ಳಿ, ಗಡಿಯಾರದಕ್ಕ ಸ್ಟೂಲಿನ ಮೇಲೇ ಬೀಗಿದಳು. "ನೋಡಿ ಅರ್ಚಕರೇ, ಈಗ ಹನ್ನೊಂದೂವರೆ ಅಂದ್ರೆ ಹನ್ನೊಂದೂವರೆ. ಅಧ್ಯಕ್ಷರು ಇನ್ನು ನಮ್ಮಪ್ಪನ ಹೆಸರು ಎತ್ತೋ ಹಾಗಿಲ್ಲ."

ಅರ್ಚಕರು ದೀಪದ ಬತ್ತಿ ಸರಿಮಾಡುತ್ತಾ ಗಡಿಯಾರದ ಕಡೆ ನೋಡಿದರು.

ಅದು ಕಾಲಭೈರವನ ಗುಡಿ. ಈ ಕ್ಷೇತ್ರಕ್ಕೆ ಸಾಯಲೆಂದೇ ಬರುವವರುಂಟು. ಮುಕ್ತಿ ಕೊಡುವವನು ಆಚೆ ಬೀದಿಯ ವಿಶ್ವನಾಥನಾದರೂ, ಕಾಲದ ದೇವರು ಅಪ್ಪಣೆ ಕೊಟ್ಟ ಮೇಲೇ ಅದು ದಕ್ಕುವುದೆಂದು ನಂಬಿಕೆ. ಏಳಲಾಗದವರ ಪರವಾಗಿ ಮನೆಯವರು ಬಂದು ಅಪ್ಪಣೆ ಕೇಳುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ನಾಲ್ಕಕ್ಕೆ. ಎಲ್ಲವೂ ಗೋಡೆಯ ಈ ಗಡಿಯಾರ ಹೇಳಿದಂತೆ.

ಅದನ್ನು ನಲವತ್ತು ವರ್ಷ ನೋಡಿಕೊಂಡವನು ಗಡಿಯಾರ ರಿಪೇರಿಯ ಅವಳ ಅಪ್ಪ; ಈಗ ಆ ಕೆಲಸ ಅವಳದು. ಜನ ಅವನನ್ನು ಕರೆಯುತ್ತಿದ್ದದ್ದೇ ನಿಮಿಷದ ಮೇಷ್ಟ್ರು ಅಂತ. ಗಿರಾಕಿಯ ಗಡಿಯಾರ ಅರ್ಧ ನಿಮಿಷ ತಪ್ಪಿದರೂ ಅನ್ನ ಸೇರದ ಆಸಾಮಿ, ಇದೊಂದನ್ನು ಮಾತ್ರ ಏಳು ನಿಮಿಷ ಹಿಂದೆಯೇ ಬಿಟ್ಟಿದ್ದ. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ" ಎಂದು ಗುಡಿ ಸಮಿತಿಯ ಅಧ್ಯಕ್ಷರು, ಅಪ್ಪ ತೀರಿಹೋದ ವಾರವೇ ನಾಲ್ಕು ಜನರೆದುರು ನಕ್ಕಿದ್ದರು. ಆ ಮಾತು ಅವಳ ಎದೆಯಲ್ಲಿ ಹಾಗೇ ಕೂತಿತ್ತು.

"ನಾನು ಚಿಕ್ಕವಳಿದ್ದಾಗ ಅಪ್ಪ ಇಲ್ಲೇ ಲೋಲಕ ಹಿಡ್ಕೊಂಡು, ಕಣ್ಮುಚ್ಚಿ ನಿಲ್ತಿದ್ದ," ಎಂದಳು. "ಕೆಳಗೆ ಎಣ್ಣೆ ಡಬ್ಬಿ ಹಿಡಿದು ನಿಂತು ನಂಗೆ ಕಾಲು ನೋವು. ಪೂಜೆ ಮುಗೀತಾ ಅಪ್ಪಾ ಅಂದ್ರೆ, ಮುಗೀತು ಕಣೇ ಪುಟ್ಟಿ ಅಂತ ಇಳೀತಿದ್ದ." ಪುಟ್ಟಿ ಎಂದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ.

"ಪೂಜೆ ಎಲ್ಲಿ ಬಂತು ತಾಯಿ!" ಎಂದರು ಅರ್ಚಕರು. "ಎಣ್ಣೆ ಹಾಕಿ ಸರಿಮಾಡಿದಾಗೆಲ್ಲ ಗಡಿಯಾರನ ಮತ್ತೆ ಹಿಂದೆ ಹಾಕ್ತಿದ್ದ. ಮುಳ್ಳನ್ನ ಹಿಂದಕ್ಕೆ ತಿರುಗಿಸಿದ್ರೆ ಗಂಟೆ ಹೊಡೆಯೋದು ಕೆಡುತ್ತೆ ಅಂತ, ಏಳು ನಿಮಿಷ ಲೋಲಕವನ್ನೇ ಹಿಡಿದು ನಿಲ್ಲಿಸ್ತಿದ್ದ."

"ಬೇಕು ಅಂತಲೇ?"

"ಒಂದಿನ ನಾನು ಬಾಗಿಲು ಹಾಕೋಕೂ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬರೋಕೂ ಸರಿಹೋಯ್ತು. ಗಂಡ ಛತ್ರದಲ್ಲಿ ಕೊನೇ ಉಸಿರು ಎಳೀತಿದ್ದನಂತೆ. ನಾನು ತೆಗೀಲಿಲ್ಲ. ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಾನೇ ಕಣಮ್ಮ. ನಾಲ್ಕಕ್ಕೆ ಅವಳು ಬರ್ಲೇ ಇಲ್ಲ. ಅವತ್ತು ನಿಮ್ಮಪ್ಪ ಈ ಸ್ಟೂಲಿನ ಮೇಲಿದ್ದ. ವಯಸ್ಸಾದೋರು ಈ ಮೆಟ್ಟಿಲು ಹತ್ತೋಕೆ ಎಷ್ಟು ಹೊತ್ತು ಬೇಕು ಅಂತ ತಾನೇ ನಿಧಾನಕ್ಕೆ ಹತ್ತಿ ನೋಡ್ದ. ಏಳು ನಿಮಿಷ ಆಯ್ತು."

"ನನಗಾದ್ರೂ ಹೇಳಬಾರ್ದಿತ್ತಾ?"

"ಹೇಳಿದ್ರೆ ಬಾಯಿಂದ ಬಾಯಿಗೆ ಹೋಗಿ, ಎಲ್ಲರೂ ಏಳು ನಿಮಿಷ ತಡ ಮಾಡಿ ಬರ್ತಿದ್ರು!"

ಅವಳು ಸ್ಟೂಲಿನಿಂದ ಇಳಿದು ಸ್ಕ್ರೂಡ್ರೈವರು, ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿದಳು. ತುಂಬಿದ್ದನ್ನು ಮತ್ತೆ ತೆಗೆದು ಒರೆಸಿದಳು. ಅಪ್ಪನ ಮರ್ಯಾದೆ ಉಳಿಸಲು ಬಂದು, ಅಪ್ಪ ಮಾಡಿದ್ದನ್ನೇ ಅಳಿಸಿಬಿಟ್ಟಿದ್ದಳು. ಆದರೆ ಸಂಜೆ ಅಧ್ಯಕ್ಷರು ಪರೀಕ್ಷೆಗೆ ಬರುವವರಿದ್ದರು. ಗಡಿಯಾರ ಹಿಂದೆ ಬಿದ್ದರೆ ಅಪ್ಪನಂತೆ ಮಗಳು ಎಂದು ಮತ್ತೆ ನಗುತ್ತಾರೆ. ಕೆಲಸವೂ ಕೈತಪ್ಪುತ್ತದೆ.

ಹನ್ನೆರಡಕ್ಕೆ ಎರಡು ನಿಮಿಷವಿದ್ದಾಗ ಅರ್ಚಕರು ಬೀಗದ ಕೈ ತೆಗೆದರು. ಅವಳು ಬಾಗಿಲಾಚೆ ಇಣುಕಿದಳು. ಕೆಳಗೆ, ನಾಲ್ಕನೆಯ ಮೆಟ್ಟಿಲಲ್ಲಿ ಒಬ್ಬ ಮುದುಕ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದ. ಇನ್ನೊಂದು ಕೈಯಲ್ಲಿ ಹೆಂಗಸಿನ ಚಪ್ಪಲಿ, ಛತ್ರದಲ್ಲಿ ಮಲಗಿದ ಹೆಂಡತಿಯದಿರಬೇಕು.

"ಇನ್ಯಾರಾದ್ರೂ ಇದ್ದಾರೇನಮ್ಮ?" ಅರ್ಚಕರು ಕೇಳಿದರು.

ಅವಳು ಸ್ಟೂಲು ಹತ್ತಿ, ಗಾಜಿನ ಬಾಗಿಲು ತೆರೆದು ಲೋಲಕವನ್ನು ಹಿಡಿದುಕೊಂಡಳು. ಟಿಕ್ ಟಿಕ್ ನಿಂತಿತು.

ಅರ್ಚಕರು ಗಡಿಯಾರ ನೋಡಿದರು, ಅವಳನ್ನು ನೋಡಿದರು. ಮೆಲ್ಲಗೆ ಶಲ್ಯದ ಅಂಚನ್ನು ತಮ್ಮ ಕೈಗಡಿಯಾರದ ಮೇಲೆ ಎಳೆದುಕೊಂಡು ಹೊಸ್ತಿಲಿಗೆ ಹೋದರು.

"ನಿಧಾನವಾಗಿ ಬನ್ನಿ ಯಜಮಾನ್ರೇ," ಎಂದು ಕೂಗಿದರು. "ಇನ್ನೂ ಎರಡು ನಿಮಿಷ ಇದೆ."

ಮುದುಕ ಐದನೆಯ ಮೆಟ್ಟಿಲಿಗೆ ಕಾಲೆತ್ತಿದ.