ದೇವಣಗಾಂವದ ಪಟ್ಟೆ ಬಂದೂಕು

ದಾನೇಶ್ವರಿ ಅಂದು ಬೆಳಿಗ್ಗೆ ಡೈರಿಯಲ್ಲಿ ಬರೆದದ್ದು ಒಂದೇ ಸಾಲು: ‘ನನ್ನ ಅನುಮಾನ ಇರುವುದು ಬಂದೂಕಿನ ಮೇಲೆ, ಮಾಮಾನ ಮೇಲಲ್ಲ, ಆದರೆ ಮಾಮಾನ ಎದುರು ಇವೆರಡನ್ನೂ ಬೇರೆ ಮಾಡಿ ಹೇಳುವಷ್ಟು ಬಾಯಿ ನನಗಿಲ್ಲ.’ ಬರೆದು ಪುಟ ಮುಚ್ಚಿದಳು. ಯಾರೋ ಕಸಿದುಕೊಳ್ಳುವವರಿದ್ದಾರೆ ಎಂಬಂತೆ ಅದರ ಮೇಲೆ ಕೈಯಿಟ್ಟು ಕುಳಿತಳು.

ಬಾಯಿಯ ಈ ತೊಂದರೆ ಹೊಸದೇನಲ್ಲ. ಇತಿಹಾಸದ ಎಂ.ಎ. ಮುಗಿಸುವಾಗ ಮೌಖಿಕ ಪರೀಕ್ಷೆಯಲ್ಲಿ ಎಲ್ಲ ಉತ್ತರ ಗೊತ್ತಿದ್ದೂ ಮೇಜಿನ ಮೇಲಿನ ನೀರಿನ ಲೋಟವನ್ನೇ ನೋಡಿ ಎದ್ದು ಬಂದವಳು ಅವಳು. ಖುಷಿಯಾದರಂತೂ ಮುಗಿದೇ ಹೋಯಿತು. ಉಳಿದವರಿಗೆ ಖುಷಿಯಲ್ಲಿ ಮಾತು ಉಕ್ಕಿದರೆ ಇವಳಿಗೆ ಗಂಟಲು ಕಟ್ಟುತ್ತಿತ್ತು. ಅಂಥವಳನ್ನು ಜೊತೆಗೆ ಕರೆದುಕೊಂಡು ತಿರುಗುತ್ತಿದ್ದವನು ಮಾತಿನ ಮಲ್ಲನಾದ ಸೋದರಮಾವ ಬಸಂತರಾಯ.

ಬಸಂತರಾಯನಿಗೆ ಇಂಡಿಯಲ್ಲಿ ಗೊಬ್ಬರದ ಅಂಗಡಿ. ಅಂಗಡಿಯನ್ನು ಹೆಂಡತಿ ವಿದ್ಯಾವತಿ ನೋಡಿಕೊಳ್ಳುತ್ತಿದ್ದಳು. ಅವನು ಹಳೆಯ ಬಂದೂಕುಗಳ ಬೆನ್ನು ಹತ್ತಿದ್ದ. ಹಾಳು ವಾಡೆ, ಒಕ್ಕಲು ಮನೆಗಳ ಅಟ್ಟ, ಎಲ್ಲೆಲ್ಲಿ ನಳಿಗೆಯ ಬಾಯಿಂದ ಮದ್ದು ಜಡಿಯುವ ಕಾಲದ ಬಂದೂಕು ಇದೆಯೆಂಬ ಸುದ್ದಿ ಬಂದೀತೋ ಅಲ್ಲೆಲ್ಲ ಅವನ ಜೀಪು ನಿಲ್ಲುತ್ತಿತ್ತು. ಮಹಡಿಯ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿದ್ದವುಗಳಲ್ಲಿ ಒಂದೂ ಹಾರುವಂಥದ್ದಲ್ಲ. ತುಕ್ಕು ತಿಂದು, ಕುದುರೆ ಮುರಿದು, ಪೊಲೀಸರೇ ಪರೀಕ್ಷಿಸಿ ನಕ್ಕು ಹೋದಂಥವು. ಬೇರೆಯವರ ಗಂಡಂದಿರು ಮನೆಗೆ ಬಂಗಾರ ತಂದರೆ ತನ್ನ ಗಂಡ ಗುಜರಿಯವನ ಹೊಟ್ಟೆಯ ಮೇಲೆ ಕಾಲಿಡುತ್ತಿದ್ದಾನೆ ಎಂಬುದು ವಿದ್ಯಾವತಿಯ ದಿನನಿತ್ಯದ ಮಾತು.

ದಾನೇಶ್ವರಿಗೆ ಚಿತ್ರ ಬಿಡಿಸುವ ಕೈ ಇತ್ತೆಂದು ಮಾಮಾ ಅವಳನ್ನು ಸಿಂದಗಿಯಿಂದ ಕರೆಸಿಕೊಂಡಿದ್ದ. ಮೊದಲು ಸುಮ್ಮನೆ ಹೋದಳು. ಮುದ್ದೇಬಿಹಾಳದ ಕಡೆಯ ಒಂದು ವಾಡೆಯಲ್ಲಿ ಮಾಮಾ ಸಲಾಕೆಯೊಂದನ್ನು ನಳಿಗೆಯೊಳಗೆ ಇಳಿಬಿಟ್ಟು, ಎಲ್ಲಿಯವರೆಗೆ ಹೋಯಿತೆಂದು ಬೆರಳಿಂದ ಗುರುತು ಹಿಡಿದು, ಹೊರತೆಗೆದು ನಳಿಗೆಯ ಪಕ್ಕಕ್ಕಿಟ್ಟು ಅಳೆದ. ಸಲಾಕೆಯ ತುದಿ ನಳಿಗೆಯ ಬುಡದಲ್ಲಿ ಮದ್ದಿಗೆ ಬೆಂಕಿ ತಗಲಿಸುವ ಕಿವಿಯ ತನಕ ಬಾರದೆ ಗೇಣಿನಷ್ಟು ಮೊದಲೇ ನಿಂತಿತು. ‘ಒಳಗ ಮದ್ದು ಹಂಗ ಐತಿ’ ಎಂದ ಮಾಮಾ ಮೆಲ್ಲಗೆ. ಯಾರೋ ನೂರೈವತ್ತು ವರ್ಷದ ಹಿಂದೆ ತುಂಬಿ, ಹಾರಿಸದೆ, ಗೋಡೆಗೆ ತೂಗುಹಾಕಿ ಹೋಗಿದ್ದರು. ಆ ಕ್ಷಣ ದಾನೇಶ್ವರಿಯ ತೋಳಿನ ಕೂದಲು ನಿಮಿರಿ ನಿಂತವು. ಅಂದಿನಿಂದ ಅವಳು ಮಾಮಾನಿಗಿಂತ ಹೆಚ್ಚು ಹುಚ್ಚಿಯಾದಳು; ಅದು ಮಾಮಾನಿಗೆ ಮಾತ್ರ ಗೊತ್ತಾಗಲಿಲ್ಲ.

ಮಾಮಾನ ಆಸೆ ಮೊದಲು ಒಂದೇ ಆಗಿತ್ತು. ಕೋಣೆಯಲ್ಲಿದ್ದವೆಲ್ಲ ಹೊರಗಿನವು: ಪುಣೆಯವು, ಹೈದರಾಬಾದಿನವು, ವಿಲಾಯತಿಯವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕು ತಾಲ್ಲೂಕಿನ ಬಡಿಗನೊಬ್ಬ ಇಲ್ಲಿಯ ಕಟ್ಟಿಗೆಯಲ್ಲಿ ಕಡೆದ ಒಂದಾದರೂ ಬಂದೂಕು ಸಿಗಬೇಕು ಎಂದು ಹುಡುಕಿದ. ಸಿಗಲಿಲ್ಲ. ಅಷ್ಟರಲ್ಲಿ ಮೊಬೈಲಿನಲ್ಲಿ ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಉದ್ದ ಬಂದೂಕುಗಳ ಚಿತ್ರ ಕಣ್ಣಿಗೆ ಬಿದ್ದವು. ಆಳೆತ್ತರದ ಎಂಟು ಮೂಲೆಯ ನಳಿಗೆ, ಒಳಗೆ ಸುರುಳಿ ಗೀರು, ಹಿಂಬದಿಯ ಮರದಲ್ಲಿ ಹಿತ್ತಾಳೆಯ ಮುಚ್ಚಳದ ಪುಟ್ಟ ಪೆಟ್ಟಿಗೆ, ಮತ್ತು ಮೇಪಲ್ ಮರದ ಮೈಮೇಲೆ ಹುಲಿಯ ಹಾಗೆ ಅಡ್ಡ ಪಟ್ಟೆ. ಅಂದಿನಿಂದ ಮಾಮಾ ನಾಲ್ಕು ತಾಲ್ಲೂಕನ್ನು ಮರೆತು ಕನಸಿನಲ್ಲೂ ಅಪಲಾಚಿ ಎನ್ನತೊಡಗಿದ.

ಹಾಗಿರುವಾಗ ಸಿಕ್ಕಿತ್ತು, ದೇವಣಗಾಂವದ ರೇಣವ್ವನ ಪಡಸಾಲೆಯಲ್ಲಿ, ಎರಡು ಗೂಟಗಳ ಮೇಲೆ ಮಲಗಿಕೊಂಡು. ಉದ್ದ ನಳಿಗೆ. ಹಿತ್ತಾಳೆಯ ತಗಡು. ಕಂದು ಮರದ ತುಂಬ ಕಪ್ಪು ಅಡ್ಡ ಪಟ್ಟೆ. ಮಾಮಾ ಪಡಸಾಲೆಯ ಕಂಬ ಹಿಡಿದು ನಿಂತ. ಗಂಡನ ಅಜ್ಜನಿಗೆ ಸೊಲ್ಲಾಪುರದ ಯಾರೋ ಪಾದ್ರಿ ಕೊಟ್ಟದ್ದಂತೆ ಎಂದು ರೇಣವ್ವ ಹೇಳಿದ್ದೇ ತಡ, ಅವನ ಪಾಲಿಗೆ ಅದು ಹಡಗಿನಲ್ಲಿ ಬಂದದ್ದೆಂದು ಪಕ್ಕಾ ಆಯಿತು. ರೇಣವ್ವ ಅದನ್ನು ಮಾನವಮಿಯ ಆಯುಧ ಪೂಜೆಗೂ ಇಳಿಸುವ ಪದ್ಧತಿ ತಮ್ಮಲ್ಲಿಲ್ಲ, ಗೂಟದ ಮೇಲಿದ್ದ ಹಾಗೆಯೇ ಮಾಡುವುದು ಎಂದು ಹೇಳುತ್ತಲೇ ಇಳಿಸಿಕೊಟ್ಟಳು.

“ಒಯ್ರಿ, ನೋಡ್ಕೊಂಡ ತರ್ರಿ. ಮಾನವಮಿಗೆ ಮಾತ್ರ ಇದು ಗೂಟದ ಮ್ಯಾಲ ಇರಬೇಕ. ಇಲ್ಲಂದ್ರ ನಮ್ಮತ್ತಿ ಮ್ಯಾಲಿಂದ ಇಳದ ಬಂದ ನನ್ನ ಬೈತಾಳ.”

ಮನೆಗೆ ತಂದ ಮೇಲೆ ಚಿತ್ರ ಬಿಡಿಸುತ್ತ ಕೂತ ದಾನೇಶ್ವರಿಗೆ ಒಂದೊಂದೇ ಮುಳ್ಳು ಚುಚ್ಚಿತು. ಕಿರುಬೆರಳನ್ನು ನಳಿಗೆಯ ಬಾಯಿಗಿಟ್ಟರೆ ಸುರುಳಿ ಗೀರು ಸಿಗಲಿಲ್ಲ. ಸವೆದಿವೆ ಎಂದ ಮಾಮಾ. ಹಿತ್ತಾಳೆಯ ಮುಚ್ಚಳ ತೆರೆಯಲಿಲ್ಲ. ಉಗುರಿನಿಂದ ಬಡಿದರೆ ಟೊಳ್ಳು ಸದ್ದೂ ಬರಲಿಲ್ಲ. ಕಿಲುಬು ಹಿಡಿದಿದೆ ಎಂದ. ಪಟ್ಟೆ ಒಂದೇ ಮಗ್ಗುಲಲ್ಲಿದ್ದವು. ಇನ್ನೊಂದು ಮಗ್ಗುಲು ಬೋಳು. ಗೋಡೆಯ ಸುಣ್ಣ ತಿಂದಿದೆ ಎಂದ. ಮಾಮಾನ ಬಳಿ ಎಲ್ಲದಕ್ಕೂ ಉತ್ತರವಿತ್ತು, ಮತ್ತು ಪಟ್ಟೆಗಳು ಅವನ ಪಕ್ಷದಲ್ಲಿದ್ದವು. ಪಟ್ಟೆಗಳಿಗೆ ಅವಳ ಬಳಿಯೂ ಬೇರೆ ಅರ್ಥವಿರಲಿಲ್ಲ.

ಬಿಳಿಜೋಳದ ಬಿತ್ತನೆಗೆಂದು ಅವಳು ಸಿಂದಗಿಗೆ ಬಂದದ್ದು ಈ ಮುಳ್ಳುಗಳನ್ನು ಹೊತ್ತುಕೊಂಡೇ. ಬೆಳಿಗ್ಗೆ ಡೈರಿಯಲ್ಲಿ ಆ ಸಾಲನ್ನು ಬರೆದು ಮುಗಿಸಿ ಹೊರಗೆ ಬಂದಾಗ ಅಂಗಳದಲ್ಲಿ ಅಜ್ಜಿ ಸಿದ್ದವ್ವ ಕೂರಿಗೆಯನ್ನು ತೊಳೆದು ಪೂಜೆಗಿಟ್ಟಿದ್ದಳು. ಬೀಜ ಬಿತ್ತುವ ಆ ಕೂರಿಗೆ ಜಾಲಿ ಕಟ್ಟಿಗೆಯದು, ಮುತ್ತಜ್ಜನ ಕಾಲದ್ದು. ಅಜ್ಜಿ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳು ಅದ್ದಿ, ದಿಂಡಿನ ಮೇಲೆ ಎಳೆದಳು.

ದಾನೇಶ್ವರಿ ಅದನ್ನು ಹುಟ್ಟಿದಾಗಿನಿಂದ ನೋಡಿದ್ದಳು. ಅಂದು ಮಾತ್ರ ಅವಳ ಕಣ್ಣು ಬಿಳಿ ಗೆರೆಗಳ ಕೆಳಗೆ ಹೋಯಿತು. ಅಲ್ಲಿ ಹಳೆಯ ಗೆರೆಗಳಿದ್ದವು. ಕಪ್ಪಗೆ. ಮೂರು ಮೂರಾಗಿ. ನಡುವಿನದು ತುಸು ಉದ್ದ.

ಅವಳು ನೆಲಕ್ಕೆ ಕೂತುಬಿಟ್ಟಳು. ಸೆರಗಿನ ತುದಿ ಒದ್ದೆ ಮಾಡಿಕೊಂಡು ತಿಕ್ಕಿದಳು. ಬಿಳಿಯದು ಹೋಯಿತು, ಕಪ್ಪು ಹೋಗಲಿಲ್ಲ. ಪೂಜೆ ಮಾಡಿದ್ದನ್ನು ಅಳಿಸುವ ಹುಡುಗಿಯನ್ನು ತಾನು ಕಂಡಿಲ್ಲವೆಂದು ಸಿದ್ದವ್ವ ಗದರಿದಳು.

“ಅದು ಹೋಗೂದಿಲ್ಲ ಬಿಡ ಬೇ. ಜಾಲಿ ಕಟಗಿ ಈಬತ್ತಿ ನೀರ ಕುಡದ್ರ ಕರ್ರಗ ಆಗತೈತಿ. ನಮ್ಮತ್ತಿ ಎಳದದ್ದೂ ಅಲ್ಲೇ ಐತಿ ನೋಡ.”

ಬಂದೂಕಿನ ಪಟ್ಟೆಗಳೂ ಹೀಗೇ ಮೂರು ಮೂರಾಗಿದ್ದದ್ದು, ರೇಣವ್ವ ಹೇಳಿದ್ದು, ಎರಡೂ ದಾನೇಶ್ವರಿಗೆ ಒಟ್ಟಿಗೆ ನೆನಪಾದವು. ಗೂಟದಿಂದ ಇಳಿಸದೆ ಪೂಜೆ. ಅದಕ್ಕೇ ಗೋಡೆಯ ಕಡೆಯ ಮಗ್ಗುಲು ಬೋಳು! ಹುಲಿಯಲ್ಲ, ಮೇಪಲ್ಲಲ್ಲ, ಎಷ್ಟೋ ಮಾನವಮಿಗಳ ಖಂಡೇಪೂಜೆ ಆ ಮರದ ಮೇಲೆ ಒಂದರ ಮೇಲೊಂದು ಕೂತಿತ್ತು. ಮತ್ತು ಮರ ಜಾಲಿ. ಕೊಟ್ಟವನು ಪಾದ್ರಿಯೇ ಇರಲಿ, ಕಟ್ಟಿಗೆ ಈ ಕಪ್ಪು ಮಣ್ಣಿನ ಬದುವಿನ ಮೇಲೆ ಬೆಳೆದ ಜಾಲಿ.

ತಕ್ಷಣ ಮಾಮಾನಿಗೆ ಫೋನು ಮಾಡಿದಳು. ಅವನು ಅವಳಿಗಿಂತ ಹತ್ತು ಪಾಲು ಉತ್ಸಾಹದಲ್ಲಿದ್ದ. ಬಂದೂಕು ಕೂಡಿಸುವುದರಲ್ಲಿ ತನ್ನೊಡನೆ ಪೈಪೋಟಿಗಿಳಿದ ಚಡಚಣದ ರಾವಸಾಬ ಮಧ್ಯಾಹ್ನ ಬರುತ್ತಾನೆ, ಮಾಮಾನ ಅಪಲಾಚಿಯನ್ನು ಕಣ್ಣಾರೆ ನೋಡಿ ಹೊಟ್ಟೆ ಉರಿದುಕೊಳ್ಳುತ್ತಾನೆ, ಅವನೆದುರಿಗೇ ಮರವನ್ನು ಪಾಲಿಶ್ ಪೇಪರಿನಿಂದ ತಿಕ್ಕಿ ಅಗಸೆ ಎಣ್ಣೆ ಹಚ್ಚುವುದು, ಪಟ್ಟೆಗಳು ಹುಲಿಯ ಹಾಗೆ ಎದ್ದು ನಿಲ್ಲುತ್ತವೆ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಇವಳು ‘ಹೂಂರಿ’ ಎಂದಳು. ಫೋನು ಇಟ್ಟ ಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಕೂರಿಗೆಯ ಫೋಟೋ ತೆಗೆದು ಕಳಿಸಿದಳು. ಮಾಮಾ ಕೈಮುಗಿದ ಚಿತ್ರದೊಂದಿಗೆ ‘ಬಿತ್ತಿಗಿ ಚಲೋ ಆಗಲಿ’ ಎಂದು ಹಾರೈಸಿದ.

ಪಾಲಿಶ್ ಪೇಪರಿನಿಂದ ತಿಕ್ಕಿದರೆ ಗೆರೆಗಳು ಎದ್ದು ನಿಲ್ಲುವುದಿಲ್ಲ, ಎದ್ದು ಹೋಗುತ್ತವೆ. ಆಮೇಲೆ ಉಳಿಯುವುದು ಬೋಳು ಕಟ್ಟಿಗೆ. ರೇಣವ್ವನ ಗೂಟಕ್ಕೆ ಏನೆಂದು ಹಿಂದಿರುಗಿಸುವುದು? ದಾನೇಶ್ವರಿ ಬಿತ್ತನೆ ಬಿಟ್ಟು ಇಂಡಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಯ ಗಾಜಿಗೆ ಬಾಯಿ ಹತ್ತಿರ ಹಿಡಿದು ವಾಕ್ಯ ಜೋಡಿಸಿದಳು, ಕೆಡವಿದಳು, ಮತ್ತೆ ಜೋಡಿಸಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಈ ಹುಡುಗಿ ಜಪ ಮಾಡುತ್ತಿದೆಯೆಂದು ತಿಳಿದು ಗೌರವದಿಂದ ಸ್ವಲ್ಪ ಸರಿದು ಕೂತಳು.

ಮಹಡಿ ಹತ್ತಿದಾಗ ರಾವಸಾಬ ಆಗಲೇ ಕುರ್ಚಿಯ ತುಂಬ ಕೂತಿದ್ದ. ದ್ರಾಕ್ಷಿ ತೋಟದ ಧಣಿ. ಅವನ ಬಳಿಯೂ ಬಂದೂಕಿನ ಕೋಣೆಯಿತ್ತು, ಮಾಮಾನದಕ್ಕಿಂತ ದೊಡ್ಡದು. ಕಿಟಕಿಯ ಬಳಿ ಹಾಸಿದ ಗೋಣಿಚೀಲದ ಮೇಲೆ ಪಟ್ಟೆ ಬಂದೂಕು ಮಲಗಿತ್ತು. ಪಕ್ಕದಲ್ಲಿ ಎಣ್ಣೆಯ ಬಟ್ಟಲು. ಮಾಮಾನ ಕೈಯಲ್ಲಿ ಮಡಚಿದ ಪಾಲಿಶ್ ಪೇಪರು.

“ಬಂದಳ ನೋಡ್ರಿ ನಮ್ಮ ದಾನವ್ವ,” ಎಂದ ಮಾಮಾ. “ಇಕಿ ಕಣ್ಣ ಎದರಿಗೇ ಆಗಲಿ ಅಂತ ತಡದಿದ್ದೆ.”

“ತಡದದ್ದಲ್ಲ, ಅಂಜಿದ್ದು,” ಎಂದು ರಾವಸಾಬ ಕೆಣಕಿದ. “ತಿಕ್ಕರಿ ಬಸಂತರಾವ್. ಹುಲಿ ಬರತೈತೋ ಬೆಕ್ಕು ಬರತೈತೋ ನೋಡೂಣು.”

ಮಾಮಾ ಗಹಗಹಿಸಿ ನಕ್ಕ. ಅವನ ಮುಖ ಹಬ್ಬದ ಹಾಗಿತ್ತು. ಅಷ್ಟು ಹೊಳೆಯುವ ಮುಖವನ್ನು, ಅದೂ ಈ ಮನುಷ್ಯನೆದುರು, ಆರಿಸಬೇಕಲ್ಲ ಎಂದು ದಾನೇಶ್ವರಿ ಬಾಗಿಲಲ್ಲೇ ನಿಂತಳು. ಬಸ್ಸಿನಲ್ಲಿ ಜೋಡಿಸಿದ ವಾಕ್ಯದ ಒಂದು ಪದವೂ ತಲೆಯಲ್ಲಿ ಉಳಿದಿರಲಿಲ್ಲ. ಬಾಯಿ ತೆರೆದಳು, ಗಾಳಿ ಬಂತು, ಸದ್ದು ಬರಲಿಲ್ಲ. ಮಾಮಾ ಬಂದೂಕಿನ ಮರವನ್ನು ತೊಡೆಯ ಮೇಲೆ ಎಳೆದುಕೊಂಡು ಪೇಪರನ್ನು ಮೊದಲ ಪಟ್ಟೆಯ ಮೇಲಿಟ್ಟ.

ಬಾಯಿ ಕೈಕೊಟ್ಟಿತು, ಕೈ ಕೈಕೊಡಲಿಲ್ಲ. ಅವಳು ಮುಂದೆ ಹೋಗಿ ಗೋಣಿಚೀಲದ ಮೇಲೆ ಮಂಡಿಯೂರಿ, ಮಾಮಾನ ಮಣಿಕಟ್ಟು ಹಿಡಿದಳು. ಬೆಳೆದ ಮೇಲೆ ಅವಳು ಅವನನ್ನು ಮುಟ್ಟಿದ್ದೇ ಅದು ಮೊದಲು. ಮಾಮಾ ಬೆರಗಾಗಿ ಪೇಪರು ಎತ್ತಿದ. ಅವಳು ಬಂದೂಕನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದು, ತನ್ನ ಬಲಗೈಯ ಮೂರು ಬೆರಳುಗಳನ್ನು ಮೂರು ಪಟ್ಟೆಗಳ ಮೇಲಿಟ್ಟಳು. ಕೂತವು. ಇನ್ನೊಂದು ಮೂರರ ಮೇಲಿಟ್ಟಳು. ಅಲ್ಲೂ ಕೂತವು. ಮೆಲ್ಲಗೆ ಅಡ್ಡ ಎಳೆದಳು, ಅಜ್ಜಿ ಎಳೆದ ಹಾಗೆ, ಇದೇ ಮರದ ಮೇಲೆ ರೇಣವ್ವನ ಅತ್ತೆ, ಆ ಅತ್ತೆಯ ಅತ್ತೆ ಎಳೆದಿದ್ದ ಹಾಗೆ.

ರಾವಸಾಬ ಕುರ್ಚಿಯ ತುದಿಗೆ ಬಂದಿದ್ದ. ಅವನ ಕೈ ತನಗರಿವಿಲ್ಲದೆ ಹಣೆಯ ವಿಭೂತಿಗೆ ಹೋಗಿತ್ತು. ಮಾಮಾ ಮೂಗು ತಾಗುವಷ್ಟು ಬಗ್ಗಿ ಮರವನ್ನು ನೋಡಿದ, ತಿರುಗಿಸಿ ಬೋಳು ಮಗ್ಗುಲನ್ನು ನೋಡಿದ, ಮೂಸಿದ, ಉಗುರಿನಿಂದ ಕೆರೆದ. ಅವನ ಮುಖದ ಹಬ್ಬ ಇಳಿಯುತ್ತಿರುವುದು ಅವಳಿಗೆ ಕಾಣುತ್ತಿತ್ತು.

“ಈಬತ್ತಿ,” ಎಂದ ಕೊನೆಗೆ, ದನಿ ಸಣ್ಣಗೆ. “ಜಾಲಿ ಕಟಗಿ ಮ್ಯಾಲ ಈಬತ್ತಿ. ಅಂದ್ರ ಇದು ಅಮೇರಿಕಾದ್ದಲ್ಲೇನ ಬೇ?”

ರಾವಸಾಬನೂ ಅವಳ ಕಡೆಗೇ ನೋಡುತ್ತಿದ್ದ. ನೀರಿನ ಲೋಟ ಎಲ್ಲೂ ಇರಲಿಲ್ಲ, ನೋಡಲಿಕ್ಕೆ. ದಾನೇಶ್ವರಿ ಮಾಮಾನ ಕಣ್ಣುಗಳನ್ನೇ ನೋಡಿದಳು. ಬೆಳಗಿನಿಂದ ಗಂಟಲಲ್ಲಿ ಕಟ್ಟಿ ನಿಂತಿದ್ದ ಖುಷಿ ಮೊದಲು ಬಂತು, ಅದರ ಬೆನ್ನಿಗೆ ಮಾತು.

“ಅಲ್ಲರಿ ಮಾಮಾ,” ಎಂದಳು, ಕೆಳಗೆ ಅಂಗಡಿಯಲ್ಲಿದ್ದ ವಿದ್ಯಾವತಿಗೂ ಕೇಳುವಷ್ಟು ಗಟ್ಟಿಯಾಗಿ. “ನೀವು ಮದಲ ಹುಡುಕಾಕತ್ತಿದ್ರಲ್ಲರಿ, ನಮ್ಮ ನಾಕೂ ತಾಲೂಕ ತಿರುಗಿ, ಆ ಬಂದೂಕ ಇದ ಐತ್ರಿ.”