ಜೂನ್ ತಿಂಗಳ ಬೆಣ್ಣೆ

ನಮ್ಮ ಮಿಶಿಗನ್ನಿನಲ್ಲಿ ರಾಜ್ಯದ ಮೇಳ ಅಂತ ಶುರುವಾಗಿ ಅದು ಎರಡನೇ ವರ್ಷ. ಜೂನ್‌ನಲ್ಲಿ ಕಡೆದು ಮರದ ಡಬ್ಬಿಗೆ ತುಂಬಿಟ್ಟ ಬೆಣ್ಣೆಯನ್ನು ಸೆಪ್ಟೆಂಬರಿನಲ್ಲಿ ಬಿಚ್ಚಿ, ಯಾರದು ಕೆಟ್ಟಿಲ್ಲವೋ ಅವರಿಗೆ ಬಹುಮಾನ. ನಮ್ಮ ಮನೆಯಲ್ಲಿ ಅದನ್ನು ಕಡೆದವಳು ನನ್ನ ಮಗಳು ಲವೀನಾ. "ಅಷ್ಟೂ ಜನರ ಎದುರು ನನ್ನ ಹೆಸರು ಕೂಗಿಸ್ತೀನಿ, ನೋಡ್ತಿರು" ಅಂತ ಜಂಬ ಬೇರೆ. ಆಗಸ್ಟ್‌ನಲ್ಲಿ ಜ್ವರ ಬಂತು, ಹೋದಳು. ಬೆಣ್ಣೆ ಉಳಿಯಿತು.

ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಕಲ್ಲುಹೆಂಗಸು ಅಂದರು ಊರವರು. ಅನ್ನಲಿ, ಅವರ ಬಾಯಿಗೆ ಬೀಗ ಹಾಕೋಕಾಗುತ್ತಾ? ಹೆಸರು ಕೂಗಿಸುವುದೊಂದು ಬಾಕಿ ಇತ್ತು. ಡಬ್ಬಿ ಎತ್ತಿ ಗಾಡಿಗಿಟ್ಟೆ.

ಮೇಳದ ಡೇರೆಯೊಳಗೆ ಗಿಜಿಗಿಜಿ ಜನ. ತೀರ್ಪುಗಾರರು ಉದ್ದನೆಯ ಕಬ್ಬಿಣದ ಕೊಳವೆಯನ್ನು ನಮ್ಮ ಡಬ್ಬಿಯ ತಳದವರೆಗೆ ಚುಚ್ಚಿ ತೆಗೆದು, ತುದಿಯ ಬೆಣ್ಣೆ ನಾಲಿಗೆಗಿಟ್ಟುಕೊಂಡರು.

"ಅಬ್ಬಾ! ಇದೇ ಮೊದಲನೇದು. ನಿಮ್ಮ ಕೈಯಾರೆ ಕಡೆದದ್ದು ಅಂತ ಪ್ರಮಾಣ ಮಾಡಿಬಿಡಿ, ತಾಯಿ."

ನನ್ನ ಗಂಡ ಓರಿನ್ ಮೊಣಕೈಯಲ್ಲಿ ತಿವಿದರು. "ಹೂಂ ಅನ್ನೇ. ಬಹುಮಾನದ ರಿಬ್ಬನ್ನಾದರೂ ಮನೆಗೆ ಬರಲಿ."

ಹೂಂ ಅಂದರೆ ಕೂಗುವುದು ನನ್ನ ಹೆಸರನ್ನು.

"ನಾನಲ್ಲ ಸ್ವಾಮಿ, ನನ್ನ ಮಗಳು. ಲವೀನಾ ಟ್ರಸ್ಕ್ ಅಂತ ಬರ್ಕೊಳ್ಳಿ."

"ಆಗಲಿ, ಕರೀರಿ ಅವಳನ್ನ."

"ತೀರಿಕೊಂಡಳು."

ಅವರು ಟೋಪಿ ತೆಗೆದರು. ಪಾಪ, ಒಳ್ಳೆ ಮನುಷ್ಯ. "ಮಾಡಿದವರೇ ಬಂದು ಪ್ರಮಾಣ ಮಾಡಬೇಕಮ್ಮ. ನಿಯಮ ನಾನು ಮಾಡಿದ್ದಲ್ಲ" ಅಂದು ಪಕ್ಕದ ಡಬ್ಬಿಗೆ ಹೋದರು.

"ಹೂಂ ಅಂದಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?" ಓರಿನ್ ಗೊಣಗಿದರು. ನನಗೆ ಸಿಟ್ಟೂ ಬರಲಿಲ್ಲ.

ಸಂಜೆ ಬಹುಮಾನಗಳನ್ನು ಕೂಗಿದರು. ಬೆಣ್ಣೆಗೆ ಇನ್ಯಾರದೋ ಹೆಸರು, ಚಪ್ಪಾಳೆ. ಚರ್ಚಿನಲ್ಲಿ ಬಾಯಿಬಿಟ್ಟು ಹಾಡೋಕೂ ನಾಚುವ ನನ್ನ ಗಂಡ ಆಗ ಗಾಡಿ ಹತ್ತಿ ನಿಂತರು.

"ಲವೀನಾ ಟ್ರಸ್ಕ್!"

ಜನರೆಲ್ಲ ತಿರುಗಿ ನೋಡಿದರು. ಸದ್ಯ, ಕೂಗಿದ್ದಾಯಿತು, ಮನೆಗೆ ಹೋಗೋಣ ಅಂದುಕೊಂಡೆ. ಆದರೆ ಅವರು ಇಳಿಯಲಿಲ್ಲ. ಹೊಲದಲ್ಲಿರುವವರನ್ನು ಊಟಕ್ಕೆ ಕರೆದು ಓಗೊಡಲಿ ಅಂತ ಕಾಯುತ್ತಾರಲ್ಲ, ಹಾಗೆ ಕಿವಿಗೆ ಕೈಯಿಟ್ಟುಕೊಂಡು ನಿಂತೇ ಇದ್ದರು.

"ಇಳೀರಿ," ಅಂದೆ. "ಅವಳು ಬರಲ್ಲ ಕಣ್ರೀ."