ಡೊಮೇನಿನ ಹೊರಗಿನ ನಕ್ಷೆಯಕ್ಕ

ಊರಿನ ನೆಲದಡಿಯಲ್ಲಿ ಯಾವ ನೀರಿನ ಕೊಳವೆ ಎಲ್ಲಿ ತಿರುಗುತ್ತದೆ, ಯಾವ ಕವಾಟ ಯಾವ ಬೀದಿಯ ಯಾವ ಬದಿಗಿದೆ ಎಂದು ಕಂಪ್ಯೂಟರಿನಲ್ಲಿ ನಕ್ಷೆ ಬರೆದಿಡುವುದು ಆ ಕಚೇರಿಯ ಮೂರನೇ ಮಹಡಿಯ ಕೆಲಸ. ಅಲ್ಲಿ ಹದಿನಾಲ್ಕು ಕುರ್ಚಿಗಳಿದ್ದವು, ನಕ್ಷೆ ಬರೆಯುವವಳು ಮಾತ್ರ ಒಬ್ಬಳೇ. ಉಳಿದ ಹದಿಮೂರು ಮಂದಿ ಬರೆದದ್ದನ್ನು ಪರಿಶೀಲಿಸುವವರು, ಪರಿಶೀಲಿಸಿದ್ದನ್ನು ಮತ್ತೆ ಪರಿಶೀಲಿಸುವವರು, ಅದಕ್ಕೆ ಮೊಹರು ಒತ್ತುವವರು, ಮತ್ತು ಮೊಹರು ಎಲ್ಲಿ ಹೋಯಿತೆಂದು ದಿನವಿಡೀ ಹುಡುಕುವವರು. ಬರೆಯುವವಳನ್ನು ಎಲ್ಲರೂ ನಕ್ಷೆಯಕ್ಕ ಎನ್ನುತ್ತಿದ್ದರು. ಹೆಸರಿನಲ್ಲಿ ಕೊಟ್ಟ ಮರ್ಯಾದೆ ಅಷ್ಟೇ. ದಾಖಲೆಯಲ್ಲಿ ಅವಳು ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರಳು. ವರ್ಷಕ್ಕೊಮ್ಮೆ ಎರಡು ದಿನ ಮನೆಗೆ ಕಳಿಸುತ್ತಿದ್ದರು, ಮೂರನೆಯ ದಿನ ಹೊಸಬಳೆಂದು ಮತ್ತೆ ಕರೆಯುತ್ತಿದ್ದರು.

"ನನ್ನ ಸೊಸೆ ಹನ್ನೊಂದು ಸಲ ಕೆಲಸಕ್ಕೆ ಸೇರಿದಾಳೆ. ಅವರು ಒಂದು ಸಲಾನೂ ಸೇರಿಸ್ಕೊಂಡಿಲ್ಲ" ಎಂದು ಅವಳ ಅತ್ತೆ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ಊರಿನವರ ಮಾತನ್ನು ಒಬ್ಬರಿಂದೊಬ್ಬರಿಗೆ ಜೋಡಿಸಿ ನಿವೃತ್ತರಾದವರು. ಯಾರು ಯಾರ ಹತ್ತಿರ ಸುಳ್ಳು ಹೇಳುತ್ತಾರೆಂಬುದು ಅವರಿಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು.

ನಕ್ಷೆಯಕ್ಕ ಸೇರಿದ ಎರಡನೆಯ ವರ್ಷ ಕಚೇರಿಗೆ ಹೊಸ ಸರ್ವರ್ ಬಂತು. ಅಲ್ಲಿಯವರೆಗೆ ಪೆನ್‌ಡ್ರೈವ್ ಹತ್ತಿ ಮೇಜಿನಿಂದ ಮೇಜಿಗೆ ತಿರುಗುತ್ತಿದ್ದ ನಕ್ಷೆಗಳೆಲ್ಲ ಇನ್ನು ಒಂದೇ ಫೋಲ್ಡರಿನಲ್ಲಿರಬೇಕು, ಪ್ರತಿಯೊಬ್ಬರೂ ಕೂತಲ್ಲಿಂದಲೇ ತೆರೆಯಬೇಕು ಎಂದು ಸುತ್ತೋಲೆ ಹೊರಟಿತು. ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಒಂದು ಬೇಲಿಯೊಳಗೆ ಕೂಡಿಹಾಕಿ ಅದಕ್ಕೆ ಡೊಮೇನ್ ಎಂದು ಹೆಸರಿಟ್ಟರು. ಬೇಲಿಯೊಳಗೆ ಸೇರಬೇಕಾದರೆ ನೌಕರ ಸಂಖ್ಯೆ ಬೇಕು, ತಾತ್ಕಾಲಿಕ ನೌಕರರಿಗೆ ನೌಕರ ಸಂಖ್ಯೆ ಇಲ್ಲ. ಹೀಗಾಗಿ ಇಡೀ ಮಹಡಿಯಲ್ಲಿ ನಕ್ಷೆ ಬರೆಯುತ್ತಿದ್ದ ಏಕೈಕ ಕಂಪ್ಯೂಟರು ನಕ್ಷೆಗಳ ಫೋಲ್ಡರಿನಿಂದ ಹೊರಗೆ ಉಳಿಯಿತು.

ಕಚೇರಿಯ ತಂತಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನಿಗೆ ವೈರಣ್ಣ ಎಂದು ಹೆಸರು. ಐವತ್ತರ ಆಸುಪಾಸಿನ ಮನುಷ್ಯ, ಕೊರಳಲ್ಲಿ ಯಾವಾಗಲೂ ಒಂದು ಸುರುಳಿ ಕೇಬಲ್. ಅವನೇ ನಕ್ಷೆಯಕ್ಕನ ಮೇಜಿಗೆ ಬಂದು ಕೂತ.

"ಅಕ್ಕಾ, ಫೋಲ್ಡರನ್ನ 'ಎಲ್ಲರೂ' ಅಂತ ಶೇರ್ ಮಾಡಿದೀನಿ. ಈಗ ತೆಗೀರಿ ನೋಡೋಣ."

ತೆಗೆದಳು. ಹೆಸರು, ಪಾಸ್‌ವರ್ಡ್ ಕೇಳಿತು. ತನ್ನ ಹೆಸರು ಕೊಟ್ಟಳು. ನಿಮಗೆ ಅನುಮತಿ ಇಲ್ಲ ಎಂದಿತು.

"ಎಲ್ಲರಿಗೂ ಅಂತ ಹಾಕಿದೀನಿ ಅಂದ್ರಿ."

"ಹಾಕಿದೀನಲ್ಲ. ಎಲ್ಲರೂ ಅಂದ್ರೆ ಡೊಮೇನಿನ ಒಳಗಿರೋ ಎಲ್ಲರೂ. ನೀವು ಎಲ್ಲರಲ್ಲಿ ಬರಲ್ಲ."

ವೈರಣ್ಣನಿಗೆ ಅವಳ ಮೇಲೆ ಯಾವ ಹಗೆಯೂ ಇರಲಿಲ್ಲ. ಮಳೆ ಬರುತ್ತಿದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

ಇನ್ನೆರಡು ದಾರಿಗಳಿವೆ ಎಂದ ಅವನು. ಅತಿಥಿ ಎಂಬ ಖಾತೆಯನ್ನು ತೆರೆದರೆ ಅವಳೂ ಒಳಗೆ ಬರಬಹುದು, ಆದರೆ ಆಗ ದಾರಿಹೋಕರೂ ಬರಬಹುದು, ಸುತ್ತೋಲೆ ಅದನ್ನು ಬೇಡ ಎಂದಿದೆ. ಇಲ್ಲವೇ ಒಳಗಿನವರು ಯಾರಾದರೂ ತಮ್ಮ ಹೆಸರನ್ನೂ ಪಾಸ್‌ವರ್ಡನ್ನೂ ಕೊಡಬೇಕು, ಅವಳ ಕಂಪ್ಯೂಟರು ಅವರ ಹೆಸರು ಹೇಳಿಕೊಂಡು ಒಳಗೆ ನುಸುಳುತ್ತದೆ. ಪಾಸ್‌ವರ್ಡ್ ಯಾರಿಗೂ ಕೊಡಬಾರದೆಂದೂ ಅದೇ ಸುತ್ತೋಲೆಯಲ್ಲಿತ್ತು. ಆದರೆ ಅದು ಎರಡನೆಯ ಪುಟದಲ್ಲಿದ್ದುದರಿಂದ ಯಾರೂ ಅಲ್ಲಿಯವರೆಗೆ ಹೋಗಿರಲಿಲ್ಲ.

ಮಹಡಿಯ ಮುಖ್ಯಸ್ಥರಾದ ಸಾಹೇಬರು ಉದಾರಿಗಳು. ತಾವು ಬಳಸದ ವಸ್ತುವನ್ನು ಯಾರಿಗೆ ಬೇಕಾದರೂ ಕೊಟ್ಟುಬಿಡುತ್ತಿದ್ದರು. ಪಾಸ್‌ವರ್ಡನ್ನು ಚೀಟಿಯ ಹಿಂದೆ ಬರೆದು ಚಾಚಿದರು. ಅದು ಅವರದೇ ಹುದ್ದೆಯ ಹೆಸರು, ಮುಂದೆ ಅವರು ಹುಟ್ಟಿದ ವರ್ಷ. ವೈರಣ್ಣ 'ನೆನಪಿಟ್ಟುಕೋ' ಎಂಬಲ್ಲಿ ಗುರುತು ಹಾಕಿ ಎದ್ದು ಹೋದ. ಅಂದಿನಿಂದ ಒಂಬತ್ತು ವರ್ಷ, ದಿನವೂ ಬೆಳಿಗ್ಗೆ ನಕ್ಷೆಯಕ್ಕನ ಕಂಪ್ಯೂಟರು ಸರ್ವರಿನ ಬಾಗಿಲಲ್ಲಿ ನಿಂತು ನಾನೇ ಸಾಹೇಬರು ಎಂದು ಹೇಳುತ್ತಿತ್ತು. ಸರ್ವರು ನಂಬುತ್ತಿತ್ತು. ಅವಳು ಬರೆದು ಅಲ್ಲಿ ಇಟ್ಟ ಪ್ರತಿಯೊಂದು ನಕ್ಷೆಯ ಪಕ್ಕದಲ್ಲಿ, ಮಾಲೀಕರು ಎಂಬ ಕಾಲಮ್ಮಿನಲ್ಲಿ, ಸಾಹೇಬರ ಹೆಸರು ಬೀಳುತ್ತಿತ್ತು.

ಆ ಕಾಲಮ್ಮನ್ನು ಒಂಬತ್ತು ವರ್ಷ ಯಾರೂ ನೋಡಲಿಲ್ಲ, ಅವಳೂ ನೋಡಲಿಲ್ಲ. ನೋಡಿದ್ದು ಮೇಲಿನ ಕಚೇರಿಯವರು. ಯಾರು ಎಷ್ಟು ದುಡಿಯುತ್ತಾರೆಂದು ಯಂತ್ರದಿಂದಲೇ ಲೆಕ್ಕ ತೆಗೆಸಿ, ನಾಲ್ಕು ಸಾವಿರದ ನೂರಹನ್ನೆರಡು ನಕ್ಷೆ ಬರೆದ ಮಹನೀಯರೆಂದು ಸಾಹೇಬರಿಗೆ ಗಾಜಿನ ಫಲಕ ಕೊಟ್ಟರು. ಅವರ ಪಿತ್ತಕೋಶ ತೆಗೆದ ದಿನ, ಅರಿವಳಿಕೆ ಕೊಟ್ಟು ಮಲಗಿಸಿದ್ದ ಹೊತ್ತಿನಲ್ಲೂ, ಅವರು ಏಳು ನಕ್ಷೆ ಬರೆದಿದ್ದರು. ಇಂಥ ನಿಷ್ಠೆಯನ್ನು ತಾವು ಕಂಡಿಲ್ಲವೆಂದು ಮೇಲಿನವರು ಭಾಷಣ ಮಾಡಿದರು. ಸಾಹೇಬರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅದನ್ನು ವಿನಯ ಎಂದುಕೊಂಡವರೂ ಇದ್ದರು.

ಅದೇ ವರ್ಷ ಆದೇಶ ಬಂತು. ಹತ್ತು ವರ್ಷ ದುಡಿದ ತಾತ್ಕಾಲಿಕ ನೌಕರರನ್ನು ಒಂದೇ ಒಂದು ಸಲ, ಕೊನೆಯ ಸಲ, ಕಾಯಂ ಮಾಡಲಾಗುವುದು. ಮಾಡಿದ ಕೆಲಸಕ್ಕೆ ಸರ್ವರಿನಲ್ಲಿ ಪುರಾವೆ ಇರಬೇಕು. ಪುರಾವೆ ಇಲ್ಲದವರನ್ನು ತಿಂಗಳ ಕೊನೆಗೆ ಕೈಬಿಡಲಾಗುವುದು. ಇದನ್ನು ನೋಡಲು ಮೂವರ ಸಮಿತಿ ಕೂತಿತು, ಒಬ್ಬ ಅಧ್ಯಕ್ಷೆ, ಇಬ್ಬರು ಸದಸ್ಯರು. ಪಟ್ಟಿ ತೆಗೆಸಿದರು. ನಕ್ಷೆಯಕ್ಕನ ಹೆಸರಿನ ಮುಂದೆ ಸೊನ್ನೆ ಇತ್ತು.

ಅವಳು ಸಾಹೇಬರ ಕೋಣೆಗೆ ಹೋದಳು. ಫಲಕ ಕಿಟಕಿಯ ಹತ್ತಿರ ಬಿಸಿಲಿಗೆ ಹೊಳೆಯುತ್ತಿತ್ತು.

"ಸರ್, ನೀವೊಂದು ಮಾತು ಹೇಳಿದ್ರೆ ಸಾಕು. ನಿಮ್ಮ ಹೆಸರಲ್ಲಿ ಬರೆದಿದ್ದು ನಾನು ಅಂತ."

"ಹೇಳಬಹುದಮ್ಮ. ಆದ್ರೆ ಯಂತ್ರ ಒಂದು ಹೇಳತ್ತೆ, ನಾನು ಒಂದು ಹೇಳಿದ್ರೆ ಯಾರನ್ನ ನಂಬ್ತಾರೆ? ನನ್ನ ಮಾತಿಗೆ ಬೆಲೆ ಇರಬೇಕಲ್ವಾ. ನೋಡೋಣ ಬಿಡಿ."

ನೋಡೋಣ ಬಿಡಿ ಎಂದರೆ ನೋಡುವುದಿಲ್ಲ, ಬಿಡುತ್ತೇವೆ ಎಂದು ಅರ್ಥ. ಇದು ಹನ್ನೊಂದು ವರ್ಷದಲ್ಲಿ ಅವಳು ಕಲಿತ ಕಚೇರಿ ಭಾಷೆ. ಮನೆಗೆ ಬಂದು ಬ್ಯಾಗನ್ನು ಮೂಲೆಗೆ ಎಸೆದು ಅತ್ತೆಯ ಮುಂದೆ ಅತ್ತಳು. ಗಂಡ ದೂರದ ಮಾರ್ಗದ ಬಸ್ಸು ಓಡಿಸುವವನು, ವಾರಕ್ಕೆರಡು ದಿನ ಮನೆಯಲ್ಲಿರುತ್ತಿದ್ದ, ಅಂದು ಇರಲಿಲ್ಲ. ಅವಳಿಗೆ ನಲವತ್ತನಾಲ್ಕು. ಈ ಕೆಲಸ ಹೋದರೆ ಇನ್ನೊಂದು ಕಡೆ ಕರೆದು ಕೂರಿಸುವವರಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ವಾರವೇ ಒಂದು ಬೀದಿಯಲ್ಲಿ ಕವಾಟ ಬದಲಿಸಲೆಂದು ನಕ್ಷೆ ನೋಡಿಕೊಂಡು ಬಲಬದಿ ಅಗೆದರು. ಕವಾಟ ಎಡಬದಿಗಿತ್ತು. ಬಲಬದಿಗಿದ್ದದ್ದು ಊರಿನ ಅರ್ಧಕ್ಕೆ ನೀರು ಒಯ್ಯುವ ದಪ್ಪ ಕೊಳವೆ. ಗುದ್ದಲಿ ಯಂತ್ರ ಅದರ ಹೊಟ್ಟೆ ಸೀಳಿತು. ನೀರು ಎರಡು ಬೀದಿ ದಾಟಿ, ಮೇಲಿನ ಕಚೇರಿಯ ಅತಿ ಮೇಲಿನವರ ಮನೆಯ ನೆಲಮಾಳಿಗೆಗೆ ಇಳಿದು, ಅಲ್ಲಿದ್ದ ಹೊಸ ಕಾರನ್ನು ಛಾವಣಿಯವರೆಗೆ ತೊಳೆಯಿತು. ಬೇರೆಯವರ ಮನೆಗೆ ನುಗ್ಗಿದ್ದರೆ ಅದು ಅವಘಡವಾಗುತ್ತಿತ್ತು, ಇದು ತನಿಖೆಯಾಯಿತು. ಬೇರೆ ಸಮಿತಿ ಮಾಡಲು ಯಾರಿಗೂ ಪುರುಸೊತ್ತಿಲ್ಲದೆ ಅದೇ ಮೂವರ ತಲೆಗೆ ಕಟ್ಟಿದರು. ನಕ್ಷೆಯ ಮಾಲೀಕರು ಯಾರೆಂದು ಸರ್ವರನ್ನು ಕೇಳಿದರು. ಸರ್ವರು ಯಾವ ದಾಕ್ಷಿಣ್ಯವೂ ಇಲ್ಲದೆ ಸಾಹೇಬರ ಹೆಸರು ಹೇಳಿತು.

ಮಾರನೆಯ ದಿನ ಸಾಹೇಬರು ತಾವಾಗಿಯೇ ನಕ್ಷೆಯಕ್ಕನ ಮೇಜಿಗೆ ಬಂದರು. ಒಂಬತ್ತು ವರ್ಷದಲ್ಲಿ ಮೊದಲ ಸಲ. ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಕೂತರು. ಕುತ್ತಿಗೆಯ ಹಿಂದೆ ಬೆವರಿಳಿಯುತ್ತಿತ್ತು.

"ಆ ನಕ್ಷೆ ನಿಮ್ಮದೇ ಅಲ್ವಾಮ್ಮ?"

ಅದು ಅವಳದಲ್ಲ. ಅತ್ತೆಗೆ ಕಣ್ಣಿನ ಪೊರೆ ತೆಗೆಸಲು ಅವಳು ರಜೆ ಹಾಕಿದ್ದ ದಿನ ಮೇಲಿನಿಂದ ಯಾರೋ ತಪಾಸಣೆಗೆ ಬಂದಿದ್ದರು, ಫಲಕ ಪಡೆದ ಕೈ ನಕ್ಷೆ ಬರೆಯುವುದನ್ನು ನೋಡಬೇಕೆಂದಿದ್ದರು. ಸಾಹೇಬರು ತಮ್ಮ ಕೋಣೆಯಲ್ಲಿ ಕೂತು ಜೀವಮಾನದಲ್ಲಿ ಬರೆದ ಒಂದೇ ನಕ್ಷೆ ಅದು. ಅವಳ ಕಡತಗಳಿಗೆ ಬೀದಿಯ ಸಂಖ್ಯೆ, ಆಮೇಲೆ ದಿನಾಂಕ, ಅಷ್ಟೇ ಹೆಸರು. ಇದರ ಹೆಸರು 'ಹೊಸದು ಹೊಸದು ಕೊನೆಯದು ಎರಡು' ಎಂದಿತ್ತು. ಉತ್ತರ ದಿಕ್ಕಿನ ಬಾಣ ಕೆಳಮುಖವಾಗಿತ್ತು. ಪರಿಶೀಲಿಸುವವರು, ಮತ್ತೆ ಪರಿಶೀಲಿಸುವವರು, ಮೊಹರು ಒತ್ತುವವರು ಎಲ್ಲರೂ ಅದನ್ನು ದಾಟಿಸಿದ್ದರು.

"ಅದು ನೀವು ಬರೆದಿದ್ದಲ್ವಾ ಸರ್?"

"ಹೆಸರು ನಂದಿರಬಹುದು. ನನ್ನ ಹೆಸರಲ್ಲಿ ಬರೆಯೋರು ನೀವು ತಾನೇ? ಅಷ್ಟು ಬರೆದು ಸಹಿ ಹಾಕಿಕೊಡಿ. ನೀವು ಹೊರಗಿನವರು, ನಿಮಗೆ ಏನೂ ಆಗಲ್ಲ. ನಿಮ್ಮ ವಿಷಯ ನಾನು ಮರೆಯಲ್ಲ."

ಪಾಪ, ಗೂಬೆ ಕೂರಿಸಲು ತಲೆ ಹುಡುಕಿಕೊಂಡು ಬಂದಿದ್ದರು. ಅವಳು ನಾಳೆ ಹೇಳುತ್ತೇನೆ ಎಂದಳು. ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ ಕೈಯಲ್ಲಿದ್ದ ಬಟ್ಟೆ ಮಡಿಚುವುದನ್ನು ನಿಲ್ಲಿಸಲಿಲ್ಲ.

"ಒಂದು ನಕ್ಷೆ ಬರೆದೋಳು ನೀನು ಅಂತ ಅವನೇ ಬಂದು ಹೇಳಿದ್ನಾ?"

"ಹೇಳಿದ್ರು."

"ಹಾಗಾದ್ರೆ ಒಂದಕ್ಕೆ ಯಾಕೆ ನಿಲ್ಲಿಸ್ತೀಯ? ಎಲ್ಲಾನೂ ಬರೆಸ್ಕೋ."

ಮರುದಿನ ಅವಳು ಸಾಹೇಬರ ಮುಂದೆ ನಿಂತು ಹಾಗೆಯೇ ಹೇಳಿದಳು. ಒಂದೇ ಹೆಸರಿನಲ್ಲಿರುವ ನಾಲ್ಕು ಸಾವಿರದಲ್ಲಿ ಈ ಒಂದು ಮಾತ್ರ ಅವಳದು ಅಂದರೆ ಸಮಿತಿ ನಗುತ್ತದೆ, ತಮ್ಮ ಹೆಸರಿನ ಎಲ್ಲ ನಕ್ಷೆಗಳನ್ನೂ ಅವಳೇ ಬರೆದದ್ದು ಎಂದು ಸಾಹೇಬರು ಬರೆದುಕೊಟ್ಟರೆ ಅವಳು ಸಹಿ ಹಾಕುತ್ತಾಳೆ. ಸಾಹೇಬರು ಫಲಕವನ್ನೊಮ್ಮೆ ನೋಡಿದರು, ಮುಳುಗಿದ ಕಾರನ್ನು ನೆನೆದರು, ಬರೆದುಕೊಟ್ಟರು. ಅವಳು ಸಹಿ ಹಾಕಿದಳು.

ಸಮಿತಿಯ ಕೋಣೆಯಲ್ಲಿ ಆ ನಕ್ಷೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದ್ದರು. ಇಷ್ಟಗಲವಾಗಿ ಕಂಡಾಗ ಅದು ಇನ್ನೂ ಅಸಹ್ಯವಾಗಿತ್ತು. ಕೊಳವೆಗಳು ಒಂದಕ್ಕೊಂದು ಮುಟ್ಟುತ್ತಿರಲಿಲ್ಲ, ಅಕ್ಷರಗಳು ಬೀದಿಯ ಮೇಲೆ ಬಿದ್ದು ಹೊರಳಾಡುತ್ತಿದ್ದವು. ಅಧ್ಯಕ್ಷೆ ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳಿದರು.

"ಇದನ್ನ ಬರೆದದ್ದು ನೀವೇನಾ?"

ಇಲ್ಲ ಎಂಬ ಮಾತು ಅವಳ ಗಂಟಲಿನವರೆಗೆ ಬಂತು. ಹನ್ನೊಂದು ವರ್ಷದಲ್ಲಿ ಒಂದು ಕವಾಟವನ್ನೂ ಆಚೀಚೆ ಇಟ್ಟವಳಲ್ಲ. ಅಗೆಯುವವರು ಅವಳ ನಕ್ಷೆ ಅಂದರೆ ಅಳತೆ ಪಟ್ಟಿಯನ್ನೂ ತೆಗೆಯುತ್ತಿರಲಿಲ್ಲ, ಗುರುತಿದ್ದಲ್ಲಿ ನೇರ ಗುದ್ದಲಿ ಇಳಿಸುತ್ತಿದ್ದರು. ಅವಳಿಗೆ ಯಾರೂ ಯಾವತ್ತೂ ಕೊಡದಿದ್ದ, ಅವಳೇ ತನಗೆ ಕೊಟ್ಟುಕೊಂಡಿದ್ದ ಹೆಮ್ಮೆ ಅದೊಂದೇ. ಅದನ್ನು ಈ ಮೂವರ ಮುಂದೆ ತನ್ನ ಬಾಯಿಂದಲೇ ಮುರಿಯಬೇಕಿತ್ತು. ಮೂಲೆಯಲ್ಲಿ ಸಾಹೇಬರು ಕರವಸ್ತ್ರ ಹಿಂಡುತ್ತಿದ್ದರು.

"ಹೌದು" ಎಂದಳು.

ಹೊರಗೆ ಕಾಯಲು ಹೇಳಿದರು. ಒಳಗೆ ನಡೆದದ್ದನ್ನು ಆಮೇಲೆ ವೈರಣ್ಣ ಹೇಳಿದ. ಅವನು ಪ್ರೊಜೆಕ್ಟರಿನ ತಂತಿ ಹಿಡಿದು ಅಲ್ಲೇ ನಿಂತಿದ್ದ, ತಂತಿ ಹಿಡಿದವನಿಗೆ ಕಿವಿ ಇರುತ್ತದೆಂದು ಯಾರೂ ಎಣಿಸಿರಲಿಲ್ಲ.

ಒಬ್ಬ ಸದಸ್ಯರು ಅವಳನ್ನು ತೆಗೆದುಹಾಕಿ ಕೈ ತೊಳೆದುಕೊಳ್ಳೋಣ ಎಂದರು. ಅಧ್ಯಕ್ಷೆ ಒಪ್ಪಲಿಲ್ಲ. ತಪ್ಪು ಮಾಡಿದವಳು ಹೊರಗಿನವಳು ಎಂದು ವರದಿಯಲ್ಲಿ ಬರೆದರೆ, ಹೊರಗಿನವಳನ್ನು ಫೋಲ್ಡರಿನೊಳಗೆ ಬಿಟ್ಟವರು ಯಾರು ಎಂದು ಮೇಲಿನವರು ಕೇಳುತ್ತಾರೆ. ಆಗ ಸಾಹೇಬರು, ಪರಿಶೀಲಿಸಿದವರು, ಮೊಹರಿನವರು, ಕೊನೆಗೆ ಸುತ್ತೋಲೆಯ ಎರಡನೆಯ ಪುಟ ಓದದ ಈ ಮೂವರೂ ಉತ್ತರ ಹೇಳಬೇಕಾಗುತ್ತದೆ. ಇನ್ನು ಶಿಸ್ತಿನ ನಿಯಮಗಳು ಅನ್ವಯಿಸುವುದು ಕಾಯಂ ನೌಕರರಿಗೆ ಮಾತ್ರ. ಛೀಮಾರಿ ಹಾಕಬೇಕೆಂದರೂ ಮೊದಲು ಅವಳು ಒಳಗಿರಬೇಕು. ಆದ್ದರಿಂದ ಆ ನಕ್ಷೆ ಬರೆದ ದಿನಕ್ಕಿಂತ ಹಿಂದಿನ ಒಂದು ದಿನಾಂಕದಿಂದ ಅವಳನ್ನು ಕಾಯಂ ಮಾಡಿ, ಅದೇ ಲಕೋಟೆಯಲ್ಲಿ ಛೀಮಾರಿಯನ್ನೂ ಇಡುವುದೆಂದು ಮೂವರೂ ಒಮ್ಮತಕ್ಕೆ ಬಂದರು.

"ಮತ್ತೆ ಉಳಿದ ನಕ್ಷೆಗಳು?" ಎಂದು ಕೇಳಿದಳು ನಕ್ಷೆಯಕ್ಕ. "ಸಾಹೇಬ್ರು ಎಲ್ಲಾ ನಂದೇ ಅಂತ ಬರೆದಿದ್ರಲ್ಲ."

"ಅದೂ ಬಂತು ಮಾತಿಗೆ. ತನಿಖೆ ಇರೋದು ಒಂದೇ ನಕ್ಷೆ ಮೇಲೆ, ಬೇರೇದು ನಮ್ಮ ವ್ಯಾಪ್ತಿಗೆ ಬರಲ್ಲ ಅಂದ್ರು. ಫಲಕ ಬೇರೆ ಕೊಟ್ಟಾಗಿದೆ, ವಾಪಸ್ ಕೇಳೋಕಾಗತ್ತಾ ಅಂದ್ರು." ವೈರಣ್ಣ ಕೊರಳಿನ ಕೇಬಲ್ ಸರಿಪಡಿಸಿಕೊಂಡ. "ಆ ಒಂದರ ಮಾಲೀಕತ್ವ ನಿಮ್ಮ ಹೆಸರಿಗೆ ಬದಲಾಯಿಸು ಅಂತ ನನಗೆ ಆದೇಶ ಕೊಟ್ಟಿದಾರೆ. ಬದಲಾಯಿಸಿದೀನಿ ಅಕ್ಕ. ಬೈಕೋಬೇಡಿ."

ಸೋಮವಾರ ಅವಳಿಗೆ ನೌಕರ ಸಂಖ್ಯೆ ಬಂತು. ಕಂಪ್ಯೂಟರು ಡೊಮೇನಿಗೆ ಸೇರಿತು. ಫೋಲ್ಡರು ಯಾರನ್ನೂ ಏನನ್ನೂ ಕೇಳದೆ ತೆರೆದುಕೊಂಡಿತು. ಮಾಲೀಕರ ಕಾಲಮ್ಮಿನಲ್ಲಿ ತನ್ನ ಹೆಸರು ಹುಡುಕಿದಳು. ಸಾಹೇಬರ ನಾಲ್ಕು ಸಾವಿರ ಚಿಲ್ಲರೆ ನಕ್ಷೆಗಳ ನಡುವೆ ಅವಳದು ಒಂದೇ ಒಂದಿತ್ತು, 'ಹೊಸದು ಹೊಸದು ಕೊನೆಯದು ಎರಡು'. ಕನಿಷ್ಠ ಬಾಣವನ್ನಾದರೂ ಮೇಲ್ಮುಖ ಮಾಡೋಣವೆಂದು ತೆರೆದಳು. ತನಿಖೆಯ ಸಾಕ್ಷಿ, ಓದಬಹುದು, ತಿದ್ದುವಂತಿಲ್ಲ ಎಂದು ಪರದೆ ಹೇಳಿತು.

ಸಂಜೆ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು.

"ಕೆಲಸ ಕಾಯಂ ಆಯ್ತಾ?"

"ಆಯ್ತು."

"ಮತ್ತೆ ಮುಖ ಯಾಕೆ ಹೀಗಿದೆ?"

ನಕ್ಷೆಯಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಕೆಟ್ಟ ನಕ್ಷೆ ಬರೆಯೋಳು ಅನ್ನೋದೂ ಕಾಯಂ ಆಯ್ತು ಅತ್ತೆ."